ಮ್ಯೂನಿಕ್‌ನಿಂದ ಒಂದು ದಿನದ ರೈಲು ಪ್ರವಾಸ: ಅಪ್ಪ ಅಮ್ಮನನ್ನು ಎಲ್ಲಿಗೆ ಕರೆದೊಯ್ಯಲಿ?

ಕುಕ್ಕರಹಳ್ಳಿ:
ಎಲ್ಲರಿಗೂ ನಮಸ್ಕಾರ. ನನ್ನ ಅಪ್ಪ ಅಮ್ಮ ಮೇ ತಿಂಗಳ ಮಧ್ಯದಲ್ಲಿ ಮೈಸೂರಿನಿಂದ ಮ್ಯೂನಿಕ್‌ಗೆ ಬಂದು ಜೂನ್ ಮಧ್ಯದವರೆಗೆ ನಮ್ಮ ಮನೆಯಲ್ಲಿ ಇರುತ್ತಾರೆ. ಇಬ್ಬರಿಗೂ ಇದು ಮೊದಲ ವಿದೇಶ ಪ್ರಯಾಣ. ಅಪ್ಪ ದಿನವೂ ಬೆಳಿಗ್ಗೆ ಕೆರೆಯ ಸುತ್ತ ನಡೆಯುವವರು. ಅಮ್ಮನಿಗೆ ಮಂಡಿನೋವು; ಸಮತಟ್ಟಾದ ದಾರಿಯಲ್ಲಿ ಒಂದು ಗಂಟೆ ನಡೆದಾರು, ಮೆಟ್ಟಿಲು ಹೆಚ್ಚಿದ್ದರೆ ಆಗದು. ನಮ್ಮ ಬಳಿ ಕಾರಿಲ್ಲ. ನನಗೆ ಬಿಡುವಿರುವುದು ಶನಿವಾರ ಮತ್ತು ಭಾನುವಾರ ಮಾತ್ರ.

ಹತ್ತು ದಿನಗಳಲ್ಲಿ ಏಳು ದೇಶ ತೋರಿಸುವ ಬಸ್ ಪ್ರವಾಸಕ್ಕೆ ಅವರನ್ನು ಸೇರಿಸು ಎಂದು ಬಂಧುಗಳು ಒತ್ತಾಯಿಸುತ್ತಿದ್ದಾರೆ. ನನಗೆ ಅದಕ್ಕೆ ಮನಸ್ಸಿಲ್ಲ. ಬೆಳಿಗ್ಗೆ ಮನೆಯಿಂದ ಹೊರಟು, ಒಂದು ಊರನ್ನು ನೆಮ್ಮದಿಯಾಗಿ ನೋಡಿ, ರಾತ್ರಿ ಮನೆಗೇ ಹಿಂತಿರುಗಿ ಅನ್ನ ಸಾರು ಉಂಡು ಮಲಗುವಂತಹ ಪ್ರವಾಸಗಳೇ ಅವರಿಗೆ ಹಿಡಿಸುತ್ತವೆ ಎಂದು ನನ್ನ ನಂಬಿಕೆ. ಹಾಗೆ ಹೋಗುವುದಾದರೆ ಎಷ್ಟು ದೂರದವರೆಗೆ ಹೋಗಬಹುದು? ಯಾವ ಟಿಕೆಟ್ ತೆಗೆದುಕೊಳ್ಳಬೇಕು? ಎಲ್ಲರೂ ಹೇಳುವ ಆ ನಾಯ್‌ಶ್ವಾನ್‌ಸ್ಟೈನ್ ಕೋಟೆಗೆ ಅಮ್ಮನನ್ನು ಕರೆದೊಯ್ಯಬಹುದೇ? ಅನುಭವವಿದ್ದವರು ದಯವಿಟ್ಟು ತಿಳಿಸಿ.

ಹಳಿಪ್ರೇಮಿ:
ಮೊದಲು ಟಿಕೆಟ್ ವಿಚಾರ. ನಿಮ್ಮ ಬಳಿ ಇಡೀ ಜರ್ಮನಿಯ ಪ್ರಾದೇಶಿಕ ರೈಲು, ಬಸ್ಸುಗಳಿಗೆ ನಡೆಯುವ ಡಾಯ್ಚ್‌ಲಾಂಡ್ ಟಿಕೆಟ್ ಇದ್ದೇ ಇರುತ್ತದೆ ಎಂದು ಭಾವಿಸುತ್ತೇನೆ. 2023ರ ಮೇ ತಿಂಗಳಲ್ಲಿ 49 ಯುರೋಗೆ ಆರಂಭವಾದ ಅದು 2025ರಲ್ಲಿ 58 ಆಗಿ, 2026ರ ಜನವರಿಯಿಂದ 63 ಯುರೋ ಆಗಿದೆ. ಅಪ್ಪ ಅಮ್ಮನಿಗೂ ಅದನ್ನೇ ಕೊಡಿಸುವ ಯೋಚನೆ ಸಹಜ. ಆದರೆ ಅದು ಕ್ಯಾಲೆಂಡರ್ ತಿಂಗಳ ಲೆಕ್ಕದಲ್ಲಿ ನಡೆಯುವ ಚಂದಾ. ಅವರು ಮೇ ಮಧ್ಯದಿಂದ ಜೂನ್ ಮಧ್ಯದವರೆಗೆ ಇರುವುದರಿಂದ ಎರಡು ತಿಂಗಳ ಹಣ, ಇಬ್ಬರಿಗೆ ಸೇರಿ 252 ಯುರೋ ಕಟ್ಟಬೇಕಾಗುತ್ತದೆ. ಆಯಾ ತಿಂಗಳ 10ನೇ ತಾರೀಖಿನೊಳಗೆ ರದ್ದು ಮಾಡದಿದ್ದರೆ ಮುಂದಿನ ತಿಂಗಳ ಹಣವೂ ಹೋಗುತ್ತದೆ. ಅವರು ವಾರದ ದಿನಗಳಲ್ಲೂ ತಾವಾಗಿಯೇ ಟ್ರಾಮ್ ಹತ್ತಿ ನಗರ ಸುತ್ತುವವರಾದರೆ ಮಾತ್ರ ಇದು ಲಾಭ.

ವಾರಾಂತ್ಯಕ್ಕೆ ಮಾತ್ರವಾದರೆ ಬಯರ್ನ್ ಟಿಕೆಟ್, ಅಂದರೆ ನಮ್ಮ ಬವೇರಿಯಾ ರಾಜ್ಯದ ಒಂದು ದಿನದ ಟಿಕೆಟ್ ಸಾಕು. ಒಂದೇ ಟಿಕೆಟಿನಲ್ಲಿ ಐದು ಜನರವರೆಗೆ ಸೇರಬಹುದು, ಜನ ಹೆಚ್ಚಿದಂತೆ ಸ್ವಲ್ಪ ಸ್ವಲ್ಪವೇ ಬೆಲೆ ಏರುತ್ತದೆ. ಬವೇರಿಯಾದ ಎಲ್ಲಾ ಪ್ರಾದೇಶಿಕ ರೈಲುಗಳು, ನಗರಗಳ ಮೆಟ್ರೋ ಮತ್ತು ಟ್ರಾಮ್‌ಗಳು, ಬಹುಪಾಲು ಬಸ್ಸುಗಳು ಅದರಲ್ಲಿ ಬರುತ್ತವೆ. ಗಡಿಯಾಚೆ ಆಸ್ಟ್ರಿಯಾದಲ್ಲಿರುವ ಸಾಲ್ಸ್‌ಬರ್ಗ್ ಮತ್ತು ಕುಫ್‌ಸ್ಟೈನ್ ನಿಲ್ದಾಣಗಳವರೆಗೂ ಅದು ನಡೆಯುತ್ತದೆ. ಟಿಕೆಟಿನ ಮೇಲೆ ಪ್ರಯಾಣಿಕರ ಹೆಸರು ಬರೆಯುವುದನ್ನು ಮರೆಯಬೇಡಿ.

ಕರಾವಳಿ ಹುಡುಗ:
ಬಯರ್ನ್ ಟಿಕೆಟ್ ಬೆಳಿಗ್ಗೆ 9 ಗಂಟೆಯ ನಂತರ ಮಾತ್ರ ನಡೆಯುತ್ತದೆ ಎಂಬುದನ್ನು ಹಳಿಪ್ರೇಮಿಯವರು ಹೇಳಲಿಲ್ಲ. 9ಕ್ಕೆ ಹೊರಟರೆ ದೂರದ ಊರುಗಳಿಗೆ ಅರ್ಧ ದಿನವೇ ಹೋಗಿಬಿಡುತ್ತದೆ.

ಹಳಿಪ್ರೇಮಿ:
ಆ ನಿಯಮ ಸೋಮವಾರದಿಂದ ಶುಕ್ರವಾರದವರೆಗೆ ಮಾತ್ರ. ಶನಿವಾರ, ಭಾನುವಾರ ಮತ್ತು ಬವೇರಿಯಾದ ಸಾರ್ವತ್ರಿಕ ರಜಾದಿನಗಳಲ್ಲಿ ಮಧ್ಯರಾತ್ರಿಯಿಂದಲೇ ಅದು ಜಾರಿಯಲ್ಲಿರುತ್ತದೆ, ಮರುದಿನ ಬೆಳಗಿನ ಜಾವ 3 ಗಂಟೆಯವರೆಗೂ ನಡೆಯುತ್ತದೆ. ಆದರೆ ಎರಡೂ ಟಿಕೆಟ್‌ಗಳಿಗೆ ಅನ್ವಯಿಸುವ ಒಂದು ಮಾತಿದೆ: ಐಸಿಇ, ಐಸಿ, ಇಸಿ, ರೈಲ್‌ಜೆಟ್‌ನಂತಹ ದೂರದ ವೇಗದ ರೈಲುಗಳನ್ನು ಇವುಗಳಲ್ಲಿ ಹತ್ತುವಂತಿಲ್ಲ. ಒಂದೇ ವೇದಿಕೆಯಿಂದ, ಒಂದೇ ಊರಿಗೆ, ಹತ್ತು ನಿಮಿಷದ ಅಂತರದಲ್ಲಿ ಎರಡು ಬಗೆಯ ರೈಲು ಹೊರಡುವುದುಂಟು. ಹೊಸಬರು ಮೊದಲು ಬಂದದ್ದನ್ನು ಹತ್ತಿಬಿಡುತ್ತಾರೆ. ಸರಿಯಾದ ಟಿಕೆಟ್ ಇಲ್ಲದೆ ಸಿಕ್ಕಿಬಿದ್ದರೆ ದಂಡ 60 ಯುರೋದಿಂದ ಆರಂಭ.

ತುಂಗಾತೀರ:
ನನ್ನ ಅಭಿಪ್ರಾಯ ಬೇರೆ. ಮೈಸೂರಿನಿಂದ ಇಷ್ಟು ದೂರ ಬಂದವರಿಗೆ ಬವೇರಿಯಾದ ಸಣ್ಣ ಊರುಗಳನ್ನಷ್ಟೇ ತೋರಿಸಿ ಕಳುಹಿಸುವುದು ಸರಿಯಲ್ಲ. ಅವರು ಮತ್ತೆ ಬರುತ್ತಾರೋ ಇಲ್ಲವೋ ಯಾರಿಗೆ ಗೊತ್ತು? ಪ್ಯಾರಿಸ್‌ಗೆ ಮ್ಯೂನಿಕ್‌ನಿಂದ ವೇಗದ ರೈಲಿದೆ. ಒಂದು ವಾರಾಂತ್ಯವಾದರೂ ಅಲ್ಲಿಗೆ ಕರೆದೊಯ್ಯಿರಿ. ಊರಿಗೆ ಹಿಂತಿರುಗಿದ ಮೇಲೆ ನಾಲ್ಕು ಜನ ಕೇಳುವುದು ಐಫೆಲ್ ಗೋಪುರವನ್ನು ನೋಡಿದಿರಾ ಎಂದೇ ಹೊರತು ಬೇರೇನಲ್ಲ.

ಧಾರವಾಡದ ಮಳೆ:
ತುಂಗಾತೀರ ಅವರೇ, ನಾನು ಇದನ್ನು ಮಾಡಿ ನೋಡಿದ್ದೇನೆ, ಆದ್ದರಿಂದ ಹೇಳುತ್ತೇನೆ. ಮ್ಯೂನಿಕ್‌ನಿಂದ ಪ್ಯಾರಿಸ್‌ಗೆ ಒಂದು ದಿಕ್ಕಿಗೇ ಆರು ಗಂಟೆಗಳ ಹತ್ತಿರ ಬೇಕು. ಶನಿವಾರ ಮಧ್ಯಾಹ್ನ ತಲುಪಿ, ಭಾನುವಾರ ಮಧ್ಯಾಹ್ನ ಹೊರಟೆವು. ನಮ್ಮ ಮಾವನವರು ಆ ಎರಡು ದಿನಗಳಲ್ಲಿ ನೋಡಿದ್ದಕ್ಕಿಂತ ಸರತಿಯಲ್ಲಿ ನಿಂತದ್ದೇ ಹೆಚ್ಚು. ಹಿಂದಿರುಗುವಾಗ ಅತ್ತೆಯವರ ಕಾಲು ಊದಿಕೊಂಡು, ಮುಂದಿನ ವಾರವೆಲ್ಲಾ ಮನೆಯಲ್ಲಿಯೇ ಕುಳಿತರು. ಪ್ಯಾರಿಸ್ ನೋಡಲೇಬೇಕಾದರೆ ನಾಲ್ಕು ದಿನ ರಜೆ ಹಾಕಿ ಅಲ್ಲಿಯೇ ತಂಗಬೇಕು, ಅಲ್ಲಿಂದ ವರ್ಸೈಗೆ ಅಥವಾ ಶಾರ್ತ್ರ್‌ಗೆ ಒಂದು ದಿನದ ಪ್ರವಾಸ ಮಾಡಬೇಕು. ವರ್ಸೈ ಅರಮನೆಗೆ ಸೋಮವಾರ ರಜೆ, ಲೂವ್ರ್ ವಸ್ತುಸಂಗ್ರಹಾಲಯಕ್ಕೆ ಮಂಗಳವಾರ ರಜೆ ಎಂಬುದನ್ನೂ ನೋಡಿಕೊಂಡು ದಿನ ಗೊತ್ತುಮಾಡಬೇಕು.

ಅಮ್ಮನ ವಯಸ್ಸಿನವರಿಗೆ ನನ್ನ ಅಳತೆ ಇಷ್ಟು: ರೈಲಿನಲ್ಲಿ ಒಂದು ದಿಕ್ಕಿಗೆ ಎರಡು ಗಂಟೆ, ಬದಲಾವಣೆ ಒಂದಕ್ಕಿಂತ ಹೆಚ್ಚಿರಬಾರದು, ದಿನಕ್ಕೆ ಒಂದೇ ಊರು.

ತುಂಗಾತೀರ:
ಆಯಾಸದ ಮಾತನ್ನು ಒಪ್ಪುತ್ತೇನೆ. ಆದರೆ ನೋಡದೆ ಹೋದ ಕೊರಗು ಆಯಾಸಕ್ಕಿಂತ ಹೆಚ್ಚು ದಿನ ಉಳಿಯುತ್ತದೆ. ನನ್ನ ತಂದೆಯವರಿಗೆ ಪ್ಯಾರಿಸ್ ತೋರಿಸಲು ನನಗೆ ಆಗಲಿಲ್ಲ, ಅದಕ್ಕಾಗಿ ಈ ಮಾತು.

ಧಾರವಾಡದ ಮಳೆ:
ನಿಮ್ಮ ಮನಸ್ಸು ಅರ್ಥವಾಯಿತು. ಕುಕ್ಕರಹಳ್ಳಿಯವರು ಈ ಪ್ರಶ್ನೆಯನ್ನು ಅಪ್ಪ ಅಮ್ಮನನ್ನೇ ಕೇಳಿ ತೀರ್ಮಾನಿಸುವುದು ಒಳ್ಳೆಯದು.

ಮಲೆನಾಡಿನ ಮಗಳು:
ಕೋಟೆಯ ಬಗ್ಗೆ ಕೇಳಿದ್ದೀರಿ. ಮ್ಯೂನಿಕ್‌ನಿಂದ ಫ್ಯೂಸೆನ್‌ಗೆ ರೈಲಿನಲ್ಲಿ ಸುಮಾರು ಎರಡು ಗಂಟೆ, ಅಲ್ಲಿಂದ ಹೋಹೆನ್‌ಶ್ವಾಂಗೌ ಹಳ್ಳಿಗೆ ಬಸ್. ಹಳ್ಳಿಯಿಂದ ಕೋಟೆಯವರೆಗೆ ಅರ್ಧ ಗಂಟೆಗೂ ಹೆಚ್ಚಿನ ಏರುದಾರಿ. ಕುದುರೆಗಾಡಿ ಹಿಡಿದರೂ ಕೊನೆಯ ತುಂಡನ್ನು ನಡೆದೇ ಹತ್ತಬೇಕು. ಒಳಗೆ ಹೋದರೆ ನೂರೈವತ್ತಕ್ಕೂ ಹೆಚ್ಚು ಮೆಟ್ಟಿಲು ಹತ್ತಿ, ಅಷ್ಟನ್ನೂ ಇಳಿಯಬೇಕು. ಮಾರ್ಗದರ್ಶಕರ ಜೊತೆಗಿನ ಸುತ್ತು ಅರ್ಧ ಗಂಟೆಯೊಳಗೇ ಹೆಚ್ಚುಕಡಿಮೆ ಮುಗಿಯುತ್ತದೆ, ಮಧ್ಯೆ ಕುಳಿತು ದಣಿವಾರಿಸಿಕೊಳ್ಳುವ ಅವಕಾಶವಿಲ್ಲ. ಪ್ರವೇಶಕ್ಕೆ ನಿಗದಿತ ಗಳಿಗೆ ಇರುತ್ತದೆ. ಬಸ್ ತಪ್ಪಿ ಆ ಗಳಿಗೆ ಮೀರಿದರೆ ಟಿಕೆಟ್ ಹೋದಂತೆಯೇ. ಮಂಡಿನೋವಿರುವ ಅಮ್ಮನಿಗೆ ಇದು ಬೇಡ ಎಂದು ಖಂಡಿತವಾಗಿ ಹೇಳುತ್ತೇನೆ.

ಅದೇ ರಾಜ, ಎರಡನೇ ಲುಡ್ವಿಗ್, 1878ರಲ್ಲಿ ಆರಂಭಿಸಿದ ಇನ್ನೊಂದು ಅರಮನೆ ಕೀಮ್‌ಜೇ ಸರೋವರದ ದ್ವೀಪದಲ್ಲಿದೆ, ಹೆರೆನ್‌ಕೀಮ್‌ಜೇ ಎಂದು ಹೆಸರು. ಅವನು ಅದನ್ನು ವರ್ಸೈ ಅರಮನೆಯ ಮಾದರಿಯಲ್ಲಿ ಕಟ್ಟಿಸಿದ. ಅಲ್ಲಿಯ ಕನ್ನಡಿ ಮಂದಿರ ವರ್ಸೈನದಕ್ಕಿಂತಲೂ ಉದ್ದವಾಗಿದೆ. ಅಷ್ಟು ಕಟ್ಟಿಸಿದವನು ಅಲ್ಲಿ ತಂಗಿದ್ದು ಹತ್ತು ದಿನಗಳ ಆಸುಪಾಸು ಮಾತ್ರ. 1886ರಲ್ಲಿ ಅವನು ತೀರಿಕೊಂಡಾಗ ಅರಮನೆಯ ಕೆಲಸ ಅರ್ಧಕ್ಕೇ ನಿಂತಿತು. ಮ್ಯೂನಿಕ್‌ನಿಂದ ಪ್ರೀನ್ ನಿಲ್ದಾಣಕ್ಕೆ ಒಂದು ಗಂಟೆಯ ಪ್ರಯಾಣ, ಅಲ್ಲಿಂದ ದೋಣಿಕಟ್ಟೆಗೆ ಎರಡು ಕಿಲೋಮೀಟರಿಗೂ ಕಡಿಮೆ, ಆಮೇಲೆ ಹಡಗು. ದ್ವೀಪದಲ್ಲಿ ಅರಮನೆಯವರೆಗೆ ಕುದುರೆಗಾಡಿಯೂ ಸಿಗುತ್ತದೆ. ಲುಡ್ವಿಗ್‌ನ ಈ ಅರಮನೆಗಳನ್ನೆಲ್ಲಾ 2025ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿಸಿದ್ದಾರೆ, ಆದ್ದರಿಂದ ಜನಸಂದಣಿ ಎರಡೂ ಕಡೆ ಇರುತ್ತದೆ. ಮೈಸೂರಿನ ಅಂಬಾವಿಲಾಸ ದರ್ಬಾರನ್ನು ಕಂಡು ಬೆಳೆದವರಿಗೆ ಇಲ್ಲಿಯ ಚಿನ್ನದ ಲೇಪದ ಕೋಣೆಗಳಲ್ಲಿ ಮಾತನಾಡಿಕೊಳ್ಳಲು ಬೇಕಾದಷ್ಟಿದೆ.

ಕರಾವಳಿ ಹುಡುಗ:
ಕಾರು ಬಾಡಿಗೆಗೆ ಪಡೆದರೆ ಈ ಬಸ್, ಹಡಗಿನ ವೇಳೆಗಳ ಚಿಂತೆಯೇ ಇರುವುದಿಲ್ಲವಲ್ಲ?

ಹಳಿಪ್ರೇಮಿ:
ಭಾರತದ ಚಾಲನಾ ಪರವಾನಗಿ ಜರ್ಮನಿಯಲ್ಲಿ ವಾಸಕ್ಕೆ ಬಂದವರಿಗೆ ಆರು ತಿಂಗಳು ಮಾತ್ರ ನಡೆಯುತ್ತದೆ, ಆಮೇಲೆ ಇಲ್ಲಿಯದನ್ನು ಪಡೆಯಬೇಕು. ಅದಿರಲಿ, ಪ್ರಶ್ನೆ ಕೇಳಿದವರು ಕಾರಿಲ್ಲದ ದಾರಿಯನ್ನೇ ಕೇಳಿದ್ದಾರೆ. ಓಡಿಸುವವರ ಕಣ್ಣು ರಸ್ತೆಯ ಮೇಲಿರುತ್ತದೆ, ಅಪ್ಪ ಅಮ್ಮ ಹಿಂದೆ ಕುಳಿತಿರುತ್ತಾರೆ. ರೈಲಿನಲ್ಲಿ ನಾಲ್ಕು ಜನ ಎದುರುಬದುರು ಕುಳಿತು ಮಾತನಾಡಬಹುದು, ಊಟದ ಡಬ್ಬಿ ಬಿಚ್ಚಬಹುದು, ಎದ್ದು ಓಡಾಡಬಹುದು. ಹೆಚ್ಚಿನ ಪ್ರಾದೇಶಿಕ ರೈಲುಗಳಲ್ಲಿ ಶೌಚಾಲಯವೂ ಇರುತ್ತದೆ. ವಯಸ್ಸಾದವರ ಜೊತೆ ಹೋಗುವವರಿಗೆ ಇದು ಸಣ್ಣ ವಿಷಯವಲ್ಲ.

ತಿರುಮಕೂಡಲು:
ನನ್ನ ಮತ ಪಾಸಾವುಗೆ. ಮ್ಯೂನಿಕ್‌ನಿಂದ ಪ್ರಾದೇಶಿಕ ರೈಲಿನಲ್ಲಿ ಎರಡು ಗಂಟೆಗಿಂತ ಸ್ವಲ್ಪ ಹೆಚ್ಚು ಬೇಕು, ನೇರ ರೈಲಿದೆ. ಆಸ್ಟ್ರಿಯಾದ ಗಡಿಯಲ್ಲಿರುವ ಈ ಊರಿನ ತುದಿಯಲ್ಲಿ ಮೂರು ನದಿಗಳು ಕೂಡುತ್ತವೆ. ಕಪ್ಪುಕಾಡಿನಿಂದ ಬರುವ ಡ್ಯಾನ್ಯೂಬ್, ಸ್ವಿಟ್ಜರ್ಲೆಂಡಿನ ಎಂಗಡೀನ್ ಕಣಿವೆಯಿಂದ ಇಳಿದುಬರುವ ಇನ್, ಬವೇರಿಯಾದ ಅರಣ್ಯದಿಂದ ಬರುವ ಸಣ್ಣ ನದಿ ಇಲ್ಟ್ಸ್. ಮೂರರ ಬಣ್ಣವೂ ಬೇರೆ ಬೇರೆ: ಇನ್ ನದಿಯದು ಹಿಮದ ನೀರಿನ ತಿಳಿಹಸಿರು, ಇಲ್ಟ್ಸ್ ಜೌಗುನೆಲದ ಮೇಲೆ ಹರಿದು ಬರುವುದರಿಂದ ಕಪ್ಪು. ಕೂಡಿದ ಮೇಲೂ ಸ್ವಲ್ಪ ದೂರ ಅವು ಬೇರೆ ಬೇರೆಯಾಗಿಯೇ ಹರಿಯುವುದನ್ನು ಕಣ್ಣಾರೆ ಕಾಣಬಹುದು. ಇನ್ ನದಿ ಇಲ್ಲಿಗೆ ತರುವ ನೀರು ವರ್ಷದ ಸರಾಸರಿಯಲ್ಲಿ ಡ್ಯಾನ್ಯೂಬಿನದಕ್ಕಿಂತ ಹೆಚ್ಚು, ಆದರೂ ಮುಂದಿನ ಹೆಸರು ಡ್ಯಾನ್ಯೂಬಿನದೇ.

ಹೋದ ವರ್ಷ ನನ್ನ ಅಮ್ಮನನ್ನು ಅಲ್ಲಿಗೆ ಕರೆದೊಯ್ದಿದ್ದೆ. ನಮ್ಮ ಊರು ತಿರುಮಕೂಡಲು ನರಸೀಪುರದ ಪಕ್ಕ. ಅಲ್ಲಿ ಕಾವೇರಿ, ಕಪಿಲೆಯರ ಜೊತೆ ಕಣ್ಣಿಗೆ ಕಾಣದ ಸ್ಫಟಿಕ ಸರೋವರವನ್ನು ಸೇರಿಸಿ ತ್ರಿವೇಣಿ ಎನ್ನುತ್ತೇವೆ. ಪಾಸಾವಿನ ತುದಿಯಲ್ಲಿ ನಿಂತು ಅಮ್ಮ, "ಇಲ್ಲಿ ಮೂರನೆಯದೂ ಕಾಣುತ್ತದಲ್ಲೋ" ಎಂದರು. ಚಪ್ಪಲಿ ಬಿಟ್ಟು, ಬೊಗಸೆಯಲ್ಲಿ ನೀರು ತೆಗೆದು ತಲೆಗೆ ಪ್ರೋಕ್ಷಿಸಿಕೊಂಡು, ಅರ್ಧ ಗಂಟೆ ಆ ಬೆಂಚಿನಿಂದ ಏಳಲಿಲ್ಲ. ನಿಲ್ದಾಣದಿಂದ ಆ ತುದಿಯವರೆಗೆ ಎರಡು ಕಿಲೋಮೀಟರಿನೊಳಗಿನ ಸಮತಟ್ಟು ದಾರಿ, ಮಧ್ಯೆ ಕುಳಿತುಕೊಳ್ಳಲು ಬೇಕಾದಷ್ಟು ಜಾಗವಿದೆ. ಬೆಟ್ಟದ ಮೇಲಿನ ಕೋಟೆಯನ್ನು ನಾವು ಕೆಳಗಿನಿಂದಲೇ ನೋಡಿದೆವು.

ಹೋಗುವ ಮುನ್ನ ಆ ಮಾರ್ಗದಲ್ಲಿ ಹಳಿಗಳ ನವೀಕರಣ ನಡೆಯುತ್ತಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಅಂತಹ ತಿಂಗಳುಗಳಲ್ಲಿ ರೈಲಿನ ಬದಲು ಬಸ್ ಓಡಿಸುತ್ತಾರೆ, ಆಗ ಈ ಪ್ರವಾಸವನ್ನು ಮುಂದಕ್ಕೆ ಹಾಕುವುದೇ ಲೇಸು.

ಮಲೆನಾಡಿನ ಮಗಳು:
ಇದನ್ನು ಓದಿ ನನ್ನ ಅಮ್ಮನ ನೆನಪಾಯಿತು. ಧನ್ಯವಾದಗಳು.

ನೇಕಾರ:
ಮಳೆ ಬರುವ ದಿನಕ್ಕೆಂದು ಆಗ್ಸ್‌ಬರ್ಗ್ ಅನ್ನು ಇಟ್ಟುಕೊಳ್ಳಿ. ಮುಕ್ಕಾಲು ಗಂಟೆಯ ಆಸುಪಾಸಿನ ಪ್ರಯಾಣವಾದ್ದರಿಂದ ಬೆಳಿಗ್ಗೆ ತಿಂಡಿ ಮುಗಿಸಿ ಹೊರಟರೂ ಸಾಕು. ಅಲ್ಲಿ ಯಾಕೋಬ್ ಫುಗ್ಗರ್ ಎಂಬ ಶ್ರೀಮಂತ ವರ್ತಕ 1521ರಲ್ಲಿ ಬಡವರಿಗಾಗಿ ಕಟ್ಟಿಸಿದ ಫುಗ್ಗರಾಯ್ ಎಂಬ ಪುಟ್ಟ ಮನೆಗಳ ಕೇರಿ ಇದೆ. ಈಗಲೂ ಅಲ್ಲಿ ಬಡ ಕುಟುಂಬಗಳು ವಾಸಿಸುತ್ತಿವೆ. ಮೂಲ ಬಾಡಿಗೆ ವರ್ಷಕ್ಕೆ 0.88 ಯುರೋ, ಜೊತೆಗೆ ದಿನಕ್ಕೆ ಮೂರು ಪ್ರಾರ್ಥನೆ. ಆ ಫುಗ್ಗರ್ ಮನೆತನದ ಹಿರಿಯ ನೇಕಾರನಾಗಿ ಈ ನಗರಕ್ಕೆ ಬಂದವನು. ನಮ್ಮ ಅಪ್ಪ ಇಳಕಲ್ಲಿನಲ್ಲಿ ಮಗ್ಗ ನಡೆಸಿದವರು. ಅರಮನೆಗಳಿಗಿಂತ ಹೆಚ್ಚು ಹೊತ್ತು ಅವರು ನಿಂತು ನೋಡಿದ್ದು ಈ ಕೇರಿಯನ್ನೇ. ಮನೆಯೊಂದನ್ನು ಹಿಂದಿನಂತೆಯೇ ಉಳಿಸಿ ತೋರಿಸುತ್ತಾರೆ.

ಕಾಫಿ ತೋಟ:
ಮ್ಯೂನಿಕ್‌ನಿಂದ ದಕ್ಷಿಣದ ಸರೋವರಗಳ ಕಡೆಗೆ ಹೋಗುವವರಿಗೆ ಒಂದು ಎಚ್ಚರಿಕೆ. ಆ ರೈಲುಗಳು ದಾರಿಯಲ್ಲಿ ತುಂಡಾಗುತ್ತವೆ. ಮ್ಯೂನಿಕ್‌ನಲ್ಲಿ ಒಂದೇ ರೈಲಾಗಿ ಹೊರಟು, ಹೋಲ್ಟ್ಸ್‌ಕಿರ್ಖೆನ್‌ನಲ್ಲಿ ಒಂದು ಭಾಗ ಬೈರಿಶ್‌ಸೆಲ್ ಕಡೆಗೆ, ಮುಂದೆ ಶಾಫ್ಟ್‌ಲಾಖ್‌ನಲ್ಲಿ ಇನ್ನೊಂದು ಭಾಗ ಟೇಗರ್ನ್‌ಜೇ ಕಡೆಗೆ, ಉಳಿದದ್ದು ಲೆಂಗ್ರೀಸ್ ಕಡೆಗೆ ಹೋಗುತ್ತದೆ. ನಾನು ಬಂದ ಹೊಸತರಲ್ಲಿ ಚಿಕ್ಕಪ್ಪ ಚಿಕ್ಕಮ್ಮನನ್ನು ಟೇಗರ್ನ್‌ಜೇ ಸರೋವರಕ್ಕೆಂದು ಹತ್ತಿಸಿ, ಜಾಗವಿಲ್ಲದ್ದರಿಂದ ನಾನು ಮುಂದಿನ ಡಬ್ಬಿಗೆ ಹೋಗಿ ಕುಳಿತೆ. ಸರೋವರ ತಲುಪಿ ನೋಡಿದರೆ ಅವರಿಲ್ಲ. ಅವರ ಫೋನಿನಲ್ಲಿ ಇಲ್ಲಿಯ ಸಿಮ್ ಇರಲಿಲ್ಲ. ಲೆಂಗ್ರೀಸ್ ನಿಲ್ದಾಣದಲ್ಲಿ ಯಾರದೋ ಫೋನು ಪಡೆದು ಅವರೇ ಕರೆ ಮಾಡುವವರೆಗಿನ ಒಂದೂವರೆ ಗಂಟೆಯನ್ನು ನಾನು ಇಂದಿಗೂ ಮರೆತಿಲ್ಲ.

ಪ್ರತಿ ಡಬ್ಬಿಯ ಹೊರಗೆ ಮತ್ತು ಒಳಗಿನ ಫಲಕದಲ್ಲಿ ಅದು ಎಲ್ಲಿಗೆ ಹೋಗುತ್ತದೆ ಎಂದು ಬರೆದಿರುತ್ತದೆ. ಎಲ್ಲರೂ ಒಂದೇ ಡಬ್ಬಿಯಲ್ಲಿ ಕುಳಿತುಕೊಳ್ಳಿ. ನಿಮ್ಮ ಹೆಸರು, ಫೋನ್ ಸಂಖ್ಯೆ, ಮನೆಯ ವಿಳಾಸ ಬರೆದ ಚೀಟಿ ಅಪ್ಪನ ಜೇಬಿನಲ್ಲಿಯೂ ಅಮ್ಮನ ಕೈಚೀಲದಲ್ಲಿಯೂ ಇರಲಿ.

ಕುಕ್ಕರಹಳ್ಳಿ:
ಚೀಟಿಯ ವಿಚಾರ ನನಗೆ ಹೊಳೆದಿರಲಿಲ್ಲ, ಇವತ್ತೇ ಬರೆದಿಡುತ್ತೇನೆ. ಸಾಲ್ಸ್‌ಬರ್ಗ್‌ಗೆ ಹೋಗಬಹುದೇ? ಅದು ಬೇರೆ ದೇಶವಾದ್ದರಿಂದ ವೀಸಾ ತೊಂದರೆ ಇದೆಯೇ? ಅವರದು ಒಂದೇ ಪ್ರವೇಶದ ಷೆಂಗೆನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಕೊಡುವ ವೀಸಾ.

ಧಾರವಾಡದ ಮಳೆ:
ಧಾರಾಳವಾಗಿ ಹೋಗಬಹುದು. ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್ ಎರಡೂ ಷೆಂಗೆನ್ ಒಳಗೇ ಇವೆ, ಆದ್ದರಿಂದ ಅದು ಹೊಸ ಪ್ರವೇಶವೆನಿಸುವುದಿಲ್ಲ. ಬ್ರಿಟನ್, ಐರ್ಲೆಂಡ್ ಮೊದಲಾದ ಕೆಲವು ದೇಶಗಳು ಹೊರಗಿವೆ. ಆದರೆ 2015ರ ಶರತ್ಕಾಲದಿಂದ ಆಸ್ಟ್ರಿಯಾದ ಗಡಿಯಲ್ಲಿ ಜರ್ಮನಿಯ ಪೊಲೀಸರು ತಪಾಸಣೆ ನಡೆಸುತ್ತಿದ್ದಾರೆ, ಹಿಂದಿರುಗುವ ರೈಲು ಫ್ರೈಲಾಸಿಂಗ್‌ನಲ್ಲಿ ನಿಂತಾಗ ಡಬ್ಬಿಯೊಳಗೆ ಬಂದು ಕೇಳುತ್ತಾರೆ. ಅಪ್ಪ ಅಮ್ಮನ ಮೂಲ ಪಾಸ್‌ಪೋರ್ಟ್ ಮತ್ತು ನಿಮ್ಮ ವಾಸದ ಕಾರ್ಡ್ ಕೈಯಲ್ಲಿರಲಿ. ಫೋನಿನಲ್ಲಿರುವ ಚಿತ್ರ ಸಾಲದು.

ಬಯರ್ನ್ ಟಿಕೆಟ್ ಸಾಲ್ಸ್‌ಬರ್ಗ್ ನಿಲ್ದಾಣದವರೆಗೆ ಮಾತ್ರ, ನಗರದ ಬಸ್ಸಿಗೆ ಬೇರೆ ಟಿಕೆಟ್ ಬೇಕು. ಮಿರಾಬೆಲ್ ತೋಟದ ಮೂಲಕ ಹಳೆಯ ಪೇಟೆಗೆ ನಡೆದೇ ಹೋಗಬಹುದು, ದಾರಿ ಸಮತಟ್ಟಾಗಿದೆ. 1756ರಲ್ಲಿ ಸಂಗೀತಗಾರ ಮೋಟ್ಸಾರ್ಟ್ ಹುಟ್ಟಿದ ಮನೆ ಗೆಟ್ರೈಡೆಗಾಸೆ ಎಂಬ ಇಕ್ಕಟ್ಟಾದ ಪೇಟೆಬೀದಿಯಲ್ಲಿದೆ. ಬೆಟ್ಟದ ಮೇಲಿನ ಕೋಟೆಗೆ 1892ರಿಂದ ಹಳಿಗಾಡಿ ಓಡುತ್ತಿದೆ, ಅಮ್ಮ ಮೆಟ್ಟಿಲು ಹತ್ತದೆಯೇ ಮೇಲೆ ತಲುಪಬಹುದು.

ಹಳಿಪ್ರೇಮಿ:
ಎರಡು ಗಂಟೆಯ ಅಳತೆಗೆ ಒಂದು ವಿನಾಯಿತಿ ಕೊಡುವುದಾದರೆ ಅದನ್ನು ಕೋನಿಗ್ಸ್‌ಜೇ ಸರೋವರಕ್ಕೆ ಕೊಡಿ ಎಂದು ಕೇಳಿಕೊಳ್ಳುತ್ತೇನೆ. ಫ್ರೈಲಾಸಿಂಗ್‌ನಲ್ಲಿ ಬದಲಿಸಿ ಬೆರ್ಖ್ಟೆಸ್‌ಗಾಡೆನ್, ಅಲ್ಲಿಂದ ಬಸ್. ಒಟ್ಟು ಮೂರು ಗಂಟೆಯ ಹತ್ತಿರವಾಗುತ್ತದೆ. ಕಡಿದಾದ ಬಂಡೆಗಳ ನಡುವಿನ ಆ ನೀರಿನ ಮೇಲೆ 1909ರಿಂದಲೂ ವಿದ್ಯುತ್ ದೋಣಿಗಳೇ ಓಡುತ್ತಿವೆ. ಆದ್ದರಿಂದ ಸದ್ದಿಲ್ಲ, ಹೊಗೆಯಿಲ್ಲ. ನಡುನೀರಿನಲ್ಲಿ ದೋಣಿ ನಿಲ್ಲಿಸಿ ಚಾಲಕರು ತುತ್ತೂರಿ ಊದುತ್ತಾರೆ, ಬಂಡೆ ಅದನ್ನು ಮರಳಿ ನುಡಿಯುತ್ತದೆ. ಸೇಂಟ್ ಬಾರ್ಥೊಲೊಮೆ ದಂಡೆಯಲ್ಲಿ ಇಳಿದರೆ ಅಮ್ಮ ಸಮನೆಲದಲ್ಲಿ ಬೇಕಾದಷ್ಟು ಹೊತ್ತು ಕುಳಿತಿರಬಹುದು.

ಧಾರವಾಡದ ಮಳೆ:
ಹೋಗಿ ಬರುವುದು ಆರು ಗಂಟೆ. ನಾನು ಒಪ್ಪುವುದಿಲ್ಲ. ಅಷ್ಟು ದೂರ ಹೋಗುವುದಾದರೆ ಬೆರ್ಖ್ಟೆಸ್‌ಗಾಡೆನ್‌ನಲ್ಲಿ ಒಂದು ರಾತ್ರಿ ತಂಗಲಿ.

ಹಳಿಪ್ರೇಮಿ:
ಒಂದು ರಾತ್ರಿ ತಂಗುವುದು ನಿಜಕ್ಕೂ ಉತ್ತಮ ಸಲಹೆ. ನನ್ನ ಮಾತನ್ನು ಹಾಗೆ ತಿದ್ದಿಕೊಳ್ಳುತ್ತೇನೆ.

ರೈನ್ ದಂಡೆ:
ನಾನಿರುವುದು ಮೈಂಟ್ಸ್‌ನಲ್ಲಿ, ನಿಮಗೆ ದೂರ. ಈ ಚರ್ಚೆಯನ್ನು ಓದುವ ಫ್ರಾಂಕ್‌ಫರ್ಟ್ ಕಡೆಯವರಿಗಾಗಿ ಬರೆಯುತ್ತಿದ್ದೇನೆ: ಮೈಂಟ್ಸ್‌ನಿಂದ ಕೊಬ್ಲೆನ್ಜ್‌ಗೆ ಎಡದಂಡೆಯ ಪ್ರಾದೇಶಿಕ ರೈಲು ಹತ್ತಿ ಬಲಗಡೆಯ ಕಿಟಕಿಯಲ್ಲಿ ಕುಳಿತರೆ, ಕೋಟೆಗಳೂ ದ್ರಾಕ್ಷಿ ತೋಟಗಳೂ ಲೋರೆಲೈ ಬಂಡೆಯೂ ಕುಳಿತಲ್ಲಿಯೇ ಕಾಣುತ್ತವೆ. ಬಾಖರಾಖ್ ಅಥವಾ ಬೊಪ್ಪಾರ್ಡ್‌ನಲ್ಲಿ ಇಳಿದು, ಊಟ ಮುಗಿಸಿ, ಹಿಂದಿರುಗುವಾಗ ಹಡಗು ಹಿಡಿಯಬಹುದು. ಲಕ್ಸಂಬರ್ಗ್‌ಗೆ ಹೋಗುವವರಿಗೆ ಇನ್ನೂ ಸುಲಭ, 2020ರಿಂದ ಆ ಇಡೀ ದೇಶದಲ್ಲಿ ಬಸ್, ಟ್ರಾಮ್, ರೈಲಿನ ಎರಡನೇ ದರ್ಜೆ ಎಲ್ಲವೂ ಉಚಿತ.

ಮಲೆನಾಡಿನ ಮಗಳು:
ಊಟದ ಬಗ್ಗೆ ಯಾರೂ ಬರೆದಿಲ್ಲ. ಭಾನುವಾರ ಇಲ್ಲಿ ಅಂಗಡಿಗಳು ಮುಚ್ಚಿರುತ್ತವೆ, ದೊಡ್ಡ ನಿಲ್ದಾಣದೊಳಗಿನವು ಮಾತ್ರ ತೆರೆದಿರುತ್ತವೆ. ಸಸ್ಯಾಹಾರಿಗಳಾದರೆ ಸಣ್ಣ ಊರುಗಳಲ್ಲಿ ಬ್ರೆಡ್ಡು, ಚೀಸು, ಆಲೂಗಡ್ಡೆಯಲ್ಲಿಯೇ ತೃಪ್ತಿಪಡಬೇಕು. ನಾನು ಪುಳಿಯೋಗರೆ, ಚಪಾತಿ, ಉಪ್ಪಿನಕಾಯಿ ಕಟ್ಟಿಕೊಂಡು ಹೋಗುತ್ತೇನೆ. ನೀರನ್ನೂ ಮನೆಯಿಂದಲೇ ಒಯ್ಯಿರಿ, ನಲ್ಲಿ ನೀರು ಕುಡಿಯಲು ಯೋಗ್ಯವಾಗಿದೆ. ಅಂಗಡಿಯಲ್ಲಿ ಕೇಳಿದರೆ ಸೋಡಾ ನೀರೇ ಕೈಗೆ ಬರುವುದು ಹೆಚ್ಚು. ಕ್ರೈಸ್ತರ ಪೆಂಟಕೋಸ್ಟ್ ಹಬ್ಬದ ರಜೆಯೂ ಆ ದಿನಗಳಲ್ಲಿಯೇ ಬರುವುದರಿಂದ ರೈಲುಗಳು ತುಂಬಿರುತ್ತವೆ. ಮೊದಲ ನಿಲ್ದಾಣವಾದ ಮ್ಯೂನಿಕ್‌ನಲ್ಲಿ ಇಪ್ಪತ್ತು ನಿಮಿಷ ಮುಂಚೆ ವೇದಿಕೆಯಲ್ಲಿದ್ದರೆ ಕುಳಿತುಕೊಳ್ಳಲು ಜಾಗ ಸಿಗುತ್ತದೆ.

ಕುಕ್ಕರಹಳ್ಳಿ:
ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ನಿನ್ನೆ ರಾತ್ರಿ ಈ ಚರ್ಚೆಯನ್ನು ಅಪ್ಪ ಅಮ್ಮನಿಗೆ ಫೋನಿನಲ್ಲಿ ಓದಿ ಹೇಳಿದೆ. ಪ್ಯಾರಿಸ್ ಬೇಕೇ ಎಂದು ನೇರವಾಗಿಯೇ ಕೇಳಿದೆ. ಅಪ್ಪನಿಗೆ ಆಸೆ ಇತ್ತು, ಅಮ್ಮ ಬೇಡವೆಂದರು. ಮೂರು ನದಿಗಳ ಊರನ್ನು ಮಾತ್ರ ತಪ್ಪಿಸಬೇಡ ಎಂದು ಅಮ್ಮ ಎರಡು ಸಲ ಹೇಳಿದರು. ಆದ್ದರಿಂದ ಮೊದಲ ಶನಿವಾರ ಪ್ರಯಾಣದ ಆಯಾಸ ಕಳೆಯಲೆಂದು ಹತ್ತಿರದ ಆಗ್ಸ್‌ಬರ್ಗ್, ಮುಂದಿನ ವಾರಗಳಲ್ಲಿ ಹೆರೆನ್‌ಕೀಮ್‌ಜೇ ಮತ್ತು ಸಾಲ್ಸ್‌ಬರ್ಗ್, ರೈಲು ಓಡುತ್ತಿದ್ದರೆ ಪಾಸಾವು ಎಂದು ಗೊತ್ತುಮಾಡಿದ್ದೇವೆ. ಪ್ಯಾರಿಸ್‌ಗೆ ಅಪ್ಪನನ್ನು ಮುಂದಿನ ವರ್ಷ ನಾಲ್ಕು ದಿನದ ರಜೆ ಹಾಕಿ ಕರೆದೊಯ್ಯುತ್ತೇನೆ, ತುಂಗಾತೀರ ಅವರೇ.

ಕೊನೆಯದಾಗಿ ಒಂದು ಪ್ರಶ್ನೆ. ಸಾಲ್ಸ್‌ಬರ್ಗ್ ಕಡೆಗೆ ಹೋಗುವಾಗ ಯಾವ ಬದಿಯ ಕಿಟಕಿ ಹಿಡಿಯಬೇಕು?

ಹಳಿಪ್ರೇಮಿ:
ಬಲಬದಿ. ಆಲ್ಪ್ಸ್ ಬೆಟ್ಟಗಳು ಆ ಕಡೆಯೇ ಇವೆ. ಪ್ರೀನ್ ದಾಟಿದ ಮೇಲೆ ಸ್ವಲ್ಪ ಹೊತ್ತು ಎಡಕ್ಕೆ ತಿರುಗಿ ನೋಡಲು ಹೇಳಿ, ಕೀಮ್‌ಜೇ ಸರೋವರ ಕಾಣುತ್ತದೆ.